ಮೋಟಾರು ಕಾರುಗಳ ಕ್ರಿಯಾವರ್ಧಕ ಪರಿವರ್ತಕ ಮತ್ತು ನಿಷ್ಕಾಸ ಸಂವೇದಕಗಳ ದೋಷನಿರ್ಣಯ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಹಿನ್ನೆಲೆಯಲ್ಲಿ

ಪೆಟ್ರೋಲ್ ಕಾರುಗಳ ಹೊಗೆಯನ್ನು ಶುದ್ಧೀಕರಿಸುವ ಕ್ರಿಯಾವರ್ಧಕ ಪರಿವರ್ತಕವು ಭಾರತದಲ್ಲಿ ಮೊದಲು 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಸೀಸವು ಈ ಸಾಧನಕ್ಕೆ ವಿಷಸಮಾನವಾದುದರಿಂದ, 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಬಳಿಕವೇ ಮಹಾನಗರಗಳಿಂದ ದೂರವಿರುವ ನಮ್ಮ ಕರಾವಳಿಯಲ್ಲಿ ಅದು ನಿಶ್ಚಿಂತೆಯಿಂದ ಬಳಸಬಹುದಾದ ವಸ್ತುವಾಯಿತು. 2013ರಿಂದ ಭಾರತ್ ಸ್ಟೇಜ್ 4ರ ಕಾರುಗಳಿಗೆ ಎರಡನೆಯ ಹಂತದ ಸ್ವಯಂ ದೋಷಪತ್ತೆ ವ್ಯವಸ್ಥೆಯೂ ಸೇರಿತು. ಪರಿವರ್ತಕದ ಹಿಂದೆ ಮುಂದೆ ಎರಡು ಆಕ್ಸಿಜನ್ ಸೆನ್ಸರ್‌ಗಳು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ‘ಚೆಕ್ ಎಂಜಿನ್’ ದೀಪ ಸಾಮಾನ್ಯವಾದುದು ಅಂದಿನಿಂದ. ಈ ದೀಪ ಹೊತ್ತಿದಾಗ ಯಾವ ಭಾಗ ಕೆಟ್ಟಿದೆ ಎಂಬುದನ್ನು ತಪ್ಪಾಗಿ ನಿರ್ಣಯಿಸಿದರೆ ಮಾಲೀಕನಿಗೆ ಹತ್ತಾರು ಸಾವಿರ ರೂಪಾಯಿಗಳ ನಷ್ಟ. ಪರಿವರ್ತಕವನ್ನೇ ಕಿತ್ತುಹಾಕಿದರೆ ಊರಿನ ಗಾಳಿಗೆ ನಷ್ಟ.

ಪರಿವರ್ತಕದ ಒಳಗೆ ಜೇನುಗೂಡಿನಂತಹ ಪಿಂಗಾಣಿ ಇಟ್ಟಿಗೆಯಿದ್ದು, ಅದರ ಗೋಡೆಗಳ ಮೇಲೆ ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್ ಲೋಹಗಳ ತೆಳು ಲೇಪವಿರುತ್ತದೆ. ಇದು ಇಂಗಾಲದ ಮಾನಾಕ್ಸೈಡನ್ನೂ ಸುಡದೆ ಉಳಿದ ಇಂಧನವನ್ನೂ ಉತ್ಕರ್ಷಿಸಿ, ಸಾರಜನಕದ ಆಕ್ಸೈಡುಗಳನ್ನು ಅಪಕರ್ಷಿಸುತ್ತದೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲಷ್ಟೇ ಕೆಲಸ ಆರಂಭ. ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣ 14.7ಕ್ಕೆ 1ರ ಆಸುಪಾಸಿನಲ್ಲಿದ್ದರೆ ಮಾತ್ರ ಮೂರೂ ಕಾರ್ಯಗಳು ಒಟ್ಟಿಗೆ ಸಾಗುತ್ತವೆ. ಎಥೆನಾಲ್ ಬೆರೆತಂತೆ ಈ ಅಂಕಿ ಇಳಿಯುತ್ತದೆ; ಶೇ. 20ರ ಮಿಶ್ರಣಕ್ಕೆ ಅದು ಸುಮಾರು 13.5. ಮೊದಲ ಸೆನ್ಸರ್ ಈ ಹದವನ್ನು ಕಾಯುತ್ತದೆ, ಎರಡನೆಯದು ಪರಿವರ್ತಕದ ಸಾಮರ್ಥ್ಯವನ್ನು ಅಳೆಯುತ್ತದೆ.

ಗ್ಯಾರೇಜುಗಳಲ್ಲಿ ಇದು ಬರಿಯ ‘ಕ್ಯಾಟ್’. ಗ್ರಾಹಕರಾದರೋ ಮ್ಯಾನಿಫೋಲ್ಡಿನಿಂದ ಹಿಂದಿನ ಕೊಳವೆಯವರೆಗಿನ ಎಲ್ಲವನ್ನೂ ‘ಸೈಲೆನ್ಸರ್’ ಎಂಬ ಒಂದೇ ಮಾತಿನಲ್ಲಿ ಅಡಗಿಸುತ್ತಾರೆ; ಅರ್ಧ ಗೊಂದಲ ಅಲ್ಲಿಂದಲೇ ಹುಟ್ಟುತ್ತದೆ.

ಪರಿವರ್ತಕದ ದಕ್ಷತೆ ಕುಗ್ಗಿದೆ ಎಂದು ಸಾರುವ ಸಂಕೇತ ಪಿ 0420. ಸ್ಕ್ಯಾನರಿನಲ್ಲಿ ಇದು ಕಂಡೊಡನೆ ಹೊಸ ಪರಿವರ್ತಕ ತರಿಸುವುದು ಅವಸರದ ತೀರ್ಮಾನ. ಜೊತೆಗೆ ಮಿಸ್‌ಫೈರಿನ ಪಿ 0300 ಸರಣಿಯ ಸಂಕೇತಗಳಾಗಲಿ, ಮಿಶ್ರಣ ಬಡವಾಗಿದೆಯೆನ್ನುವ ಪಿ 0171 ಆಗಲಿ ಇದ್ದರೆ ಮೊದಲು ಅವನ್ನು ಸರಿಪಡಿಸಬೇಕು. ಸಮುದ್ರದ ಉಪ್ಪುಗಾಳಿಗೆ ನಿಷ್ಕಾಸ ಕೊಳವೆಯ ಫ್ಲ್ಯಾಂಜು ಮತ್ತು ಬೆಸುಗೆಗಳು ಬೇಗ ತುಕ್ಕು ಹಿಡಿಯುವುದರಿಂದ ನಮ್ಮಲ್ಲಿ ಸೋರಿಕೆಯ ಪರೀಕ್ಷೆಗೆ ಆದ್ಯತೆ ಸಲ್ಲಬೇಕು. ಸೆನ್ಸರಿನ ಮುಂಭಾಗದ ಸಣ್ಣ ಬಿರುಕು ಕೂಡ ಹೊರಗಾಳಿಯನ್ನು ಎಳೆದುಕೊಳ್ಳುತ್ತದೆ. ಸೆನ್ಸರ್ ಅದನ್ನು ಇಂಧನದ ಕೊರತೆಯೆಂದು ಓದುತ್ತದೆ, ಕಂಪ್ಯೂಟರ್ ಪೆಟ್ರೋಲ್ ಹೆಚ್ಚಿಸುತ್ತದೆ, ಹೆಚ್ಚಾದ ಪೆಟ್ರೋಲ್ ಪರಿವರ್ತಕದೊಳಗೆ ಉರಿದು ಇಟ್ಟಿಗೆಯನ್ನು ಕರಗಿಸುತ್ತದೆ. ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ ಕೀಲುಗಳಿಗೆ ಸೋಪಿನ ನೀರು ಹಚ್ಚಿದರೆ ಗುಳ್ಳೆಗಳೇ ಸಾಕ್ಷಿ ನುಡಿಯುತ್ತವೆ.

ಸೋರಿಕೆ ಇಲ್ಲವೆಂದಾದಲ್ಲಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ನಿಮಿಷಕ್ಕೆ 2500 ಸುತ್ತುಗಳಲ್ಲಿ ಎರಡೂ ಸೆನ್ಸರ್‌ಗಳ ನಕ್ಷೆಯನ್ನು ನೋಡಬೇಕು. ಮೊದಲನೆಯದು 0.1 ಮತ್ತು 0.9 ವೋಲ್ಟ್‌ಗಳ ನಡುವೆ ಚುರುಕಾಗಿ ಓಲಾಡಬೇಕು, ಎರಡನೆಯದು 0.6–0.7ರ ಹತ್ತಿರ ಬಹುಮಟ್ಟಿಗೆ ನಿಶ್ಚಲವಾಗಿರಬೇಕು. ಎರಡನೆಯದೂ ಮೊದಲನೆಯದರಂತೆಯೇ ಕುಣಿದರೆ ಆಕ್ಸಿಜನನ್ನು ಹಿಡಿದಿಡುವ ಶಕ್ತಿಯನ್ನು ಪರಿವರ್ತಕ ಕಳೆದುಕೊಂಡಿದೆ. ಹಲವು ಹೊಸ ಕಾರುಗಳ ಮೊದಲ ಸೆನ್ಸರ್ ಬೇರೆ ಜಾತಿಯದು. ಅದಕ್ಕೆ ಈ ವೋಲ್ಟಿನ ಲೆಕ್ಕ ಅನ್ವಯಿಸದು.

ಕೊಲ್ಲೂರು ಅಥವಾ ಬಾಳೆಬರೆ ಘಾಟಿಯನ್ನು ಏರುವಾಗ ಮಾತ್ರ ಕಾರು ಉಸಿರುಗಟ್ಟಿದಂತಾಗುವುದು ಬೇರೆಯೇ ಲಕ್ಷಣ. ಅಲ್ಲಿ ಇಟ್ಟಿಗೆ ಒಡೆದು ದಾರಿ ಮುಚ್ಚಿರುವ ಶಂಕೆ ಮೂಡುತ್ತದೆ. ಸೆನ್ಸರಿನ ರಂಧ್ರಕ್ಕೆ ಒತ್ತಡಮಾಪಕ ಜೋಡಿಸಿ, 2500 ಸುತ್ತುಗಳಲ್ಲಿ ಒತ್ತಡ ಸುಮಾರು 0.2 ಬಾರ್ ಮೀರಿದರೆ ಶಂಕೆ ದೃಢಪಡುತ್ತದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದಾಗ ಗಿಲಕಿಯ ಸದ್ದು ಬರುವುದೂ ಉಂಟು. ಮಳೆಗಾಲದಲ್ಲಿ ಪಂಚಗಂಗಾವಳಿ ಮತ್ತು ಸೀತಾನದಿಯ ತಗ್ಗುಪ್ರದೇಶಗಳ ರಸ್ತೆಗಳಲ್ಲಿ ನೆರೆನೀರು ನಿಂತಾಗ, ಕಾದು ಕೆಂಡವಾದ ಪರಿವರ್ತಕವನ್ನು ಹಠಾತ್ತನೆ ನೀರಿಗಿಳಿಸುವುದು ಇಂತಹ ಒಡಕಿಗೆ ಒಂದು ಕಾರಣ.

ಸೆನ್ಸರ್‌ಗಳ ದೋಷ ಬಹುಪಾಲು ತಂತಿಯಲ್ಲಿರುತ್ತದೆ. ಗದ್ದೆ ತೋಟಗಳ ನಡುವಿನ ಮನೆಗಳಲ್ಲಿ ಇಲಿ ಕಡಿದ ತಂತಿ ಅಪರೂಪವೇನಲ್ಲ. ಹೀಟರಿನ ರೋಧವನ್ನು ಅಳೆದಾಗ ಕೆಲವೇ ಓಮ್‌ಗಳು ಬರಬೇಕು. ಅನಂತವೆಂದು ತೋರಿದರೆ ಹೀಟರ್ ಕಡಿದಿದೆ. ಕಡಿಮೆ ಗಮನ ಪಡೆದ ಸಂಗತಿಯೊಂದಿದೆ. ಅನೇಕ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಶುದ್ಧ ಗಾಳಿಯನ್ನು ತಮ್ಮ ತಂತಿಯ ಎಳೆಗಳ ಸಂದಿನಿಂದಲೇ ಪಡೆಯುತ್ತವೆ. ಉಪ್ಪುಗಾಳಿಯಿಂದ ರಕ್ಷಿಸುವ ಸದುದ್ದೇಶದಿಂದ ಕನೆಕ್ಟರಿಗೆ ಗ್ರೀಸ್ ತುಂಬಿದರೆ ಸೆನ್ಸರ್ ಸುಳ್ಳು ಹೇಳತೊಡಗುತ್ತದೆ. ಸಾಮಾನ್ಯ ಸಿಲಿಕೋನ್ ಸೀಲೆಂಟಿನ ಆವಿಯೂ ಅದಕ್ಕೆ ವಿಷ. ಹಿಡಿದು ಕುಳಿತ ಸೆನ್ಸರನ್ನು ಎಂಜಿನ್ ಉಗುರುಬೆಚ್ಚಗಿರುವಾಗ, ಸೀಳುಳ್ಳ 22 ಮಿ.ಮೀ. ಸಾಕೆಟ್‌ನಿಂದ ಬಿಚ್ಚುವುದು ಲೇಸು. ಹೊಸದನ್ನು ಕೂರಿಸುವಾಗ ಜಾಮ್ ಆಗದಂತೆ ತಡೆಯುವ ಲೇಪವನ್ನು ಮರೆಗಳಿಗೆ ಮಾತ್ರ ಸವರಬೇಕು, ತುದಿಗೆ ತಾಗಿಸಬಾರದು.

ಸತ್ತ ಪರಿವರ್ತಕಕ್ಕೆ ದುರಸ್ತಿಯೆಂಬುದಿಲ್ಲ, ಬದಲಾವಣೆಯೇ ಗತಿ. ಆಮ್ಲದಿಂದ ತೊಳೆಯುವ ವಿಧಾನಗಳನ್ನು ಈ ಲೇಖಕನು ನಂಬುವುದಿಲ್ಲ. ಇಟ್ಟಿಗೆಯನ್ನು ಒಡೆದು ತೆಗೆದು ಅಮೂಲ್ಯ ಲೋಹವನ್ನು ಗುಜರಿಗೆ ಮಾರಿ, ಎರಡನೆಯ ಸೆನ್ಸರಿಗೆ ಅಡ್ಡಕೊಳವೆ ಸಿಕ್ಕಿಸಿ ದೀಪ ಆರಿಸುವ ಕೆಲಸ ದುರಸ್ತಿಯಲ್ಲ, ವಂಚನೆ. ಹೊಗೆ ತಪಾಸಣಾ ಕೇಂದ್ರಗಳಲ್ಲಿ ಪೆಟ್ರೋಲ್ ಕಾರಿನ ಸಾರಜನಕ ಆಕ್ಸೈಡುಗಳನ್ನು ಅಳೆಯುವುದಿಲ್ಲವಾದುದರಿಂದ ಅಂತಹ ಕಾರೂ ಕೆಲವೊಮ್ಮೆ ಪ್ರಮಾಣಪತ್ರ ಪಡೆದುಬಿಡಬಹುದು.

ಎಣ್ಣೆ ಸುಡುವ ಅಥವಾ ಕಿಡಿ ತಪ್ಪುವ ಎಂಜಿನ್ನಿಗೆ ಹೊಸ ಪರಿವರ್ತಕ ಹಾಕಿದರೆ ಅದೂ ಹಳೆಯದರ ದಾರಿಯನ್ನೇ ಹಿಡಿಯುವುದರಿಂದ ಮೂಲಕಾರಣದ ನಿವಾರಣೆ ಮೊದಲಾಗಬೇಕು. ಕೆಲಸ ಮುಗಿದು ಸಂಕೇತಗಳನ್ನು ಅಳಿಸಿದೊಡನೆ ಕಾರನ್ನು ಒಪ್ಪಿಸಬಾರದು. ಅಳಿಸಿದಾಗ ಸ್ವಯಂಪರೀಕ್ಷೆಗಳೂ ಅಳಿದಿರುತ್ತವೆ. ಕುಂದಾಪುರದಿಂದ ಮರವಂತೆಯ ಮೂಲಕ ಬೈಂದೂರಿನವರೆಗೆ ಹೆದ್ದಾರಿ 66ರಲ್ಲಿ ಸ್ಥಿರ ವೇಗದಲ್ಲಿ ಒಮ್ಮೆ ಹೋಗಿಬಂದು, ಪರಿವರ್ತಕದ ಪರೀಕ್ಷೆ ‘ಪೂರ್ಣ’ ಎಂದು ಸ್ಕ್ಯಾನರ್ ತೋರಿದ ಮೇಲೆಯೇ ಬೀಗದ ಕೈಯನ್ನು ಮಾಲೀಕರಿಗೆ ಕೊಡುವುದು ಸರಿಯಾದ ಕ್ರಮ.