ಎಣ್ಣೆ ಇಂಜಿನ್ನಿನ ತಂಪುನೀರು: ತೊಂದರೆಗಳೂ ಪರಿಹಾರಗಳೂ

ಬಾವಿ, ಕೆರೆ, ಹೊಳೆಗಳಿಂದ ನೀರೆತ್ತಿ ಬೇಸಾಯ ಮಾಡುವ ಹಿಡುವಳಿದಾರರಿಗೆ ಎಣ್ಣೆ ಇಂಜಿನ್ನು ಹೊಸತಲ್ಲ. ಜರ್ಮನಿಯ ಯಂತ್ರಶಿಲ್ಪಿಯಾದ ರುಡಾಲ್ಫ್ ಡೀಸೆಲನು ೧೮೯೭ರಲ್ಲಿ ತನ್ನ ಹೆಸರಿನ ಇಂಜಿನ್ನನ್ನು ಯಶಸ್ವಿಯಾಗಿ ನಡೆಯಿಸಿ ತೋರಿಸಿದನು. ೨೦ನೆಯ ಶತಮಾನದ ಮೊದಲ ದಶಕದಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಮದರಾಸು ಪ್ರಾಂತದಲ್ಲಿ ಎಣ್ಣೆ ಇಂಜಿನ್ನುಗಳಿಂದ ಬಾವಿಯ ನೀರನ್ನೆತ್ತುವ ಪ್ರಯೋಗಗಳನ್ನು ನಡೆಯಿಸಿದರು. ತರುವಾಯ ಅವರು ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಗಳೂ ಆದರು. ಈಗ ಬಹುಪಾಲು ಬಾವಿಗಳಿಗೆ ವಿದ್ಯುತ್ ಪಂಪುಗಳು ಬಂದಿದ್ದರೂ, ವಿದ್ಯುತ್ತು ತಲಪದ ಹೊಳೆಯ ದಡಗಳಲ್ಲಿಯೂ, ವಿದ್ಯುತ್ತು ಹೊತ್ತಿಗೆ ಸರಿಯಾಗಿ ದೊರೆಯದ ಕಡೆಗಳಲ್ಲಿಯೂ ಎಣ್ಣೆ ಇಂಜಿನ್ನೇ ರೈತನ ಆಧಾರ.

ಈ ಇಂಜಿನ್ನುಗಳು ಕೆಡುವ ಕಾಲ ಸಾಮಾನ್ಯವಾಗಿ ಬೇಸಗೆ. ಆಗ ಬಾವಿಯ ನೀರು ತಗ್ಗಿರುತ್ತದೆ. ಇಂಜಿನ್ನು ಹೆಚ್ಚು ಹೊತ್ತು ದುಡಿಯುತ್ತದೆ. ಕಬ್ಬು, ಹಿಪ್ಪುನೇರಿಳೆ, ವೀಳ್ಯದೆಲೆ, ತರಕಾರಿಗಳು ಬಾಯಾರಿ ನಿಂತಿರುತ್ತವೆ. ಅಂಥ ಸಮಯದಲ್ಲಿ ಇಂಜಿನ್ನು ಕಾವೇರಿದರೆ ಅನೇಕರು ಯಂತ್ರವೇ ಹಾಳಾಯಿತೆಂದು ತಿಳಿದು ಅದರ ಒಳಭಾಗಗಳನ್ನು ಬಿಚ್ಚಿಸುತ್ತಾರೆ. ವಾಸ್ತವವಾಗಿ ದೋಷವು ಅನೇಕ ಸಲ ತಂಪುನೀರಿನ ದಾರಿಯಲ್ಲಿರುತ್ತದೆ. ಅದನ್ನು ರೈತನೇ ಕಂಡುಹಿಡಿದು ಸರಿಪಡಿಸಬಹುದು. ಅದರ ಕ್ರಮವನ್ನು ಇಲ್ಲಿ ವಿವರಿಸಿದೆ. ಗಾಳಿಯಿಂದ ತಂಪಾಗುವ ಇಂಜಿನ್ನುಗಳಿಗೆ ಇದು ಅನ್ವಯಿಸುವುದಿಲ್ಲ.

೧. ತಂಪುನೀರು ಏತಕ್ಕೆ ಬೇಕು?

ಇಂಜಿನ್ನಿನಲ್ಲಿ ಉರಿಯುವ ಎಣ್ಣೆಯ ಶಾಖವೆಲ್ಲವೂ ಕೆಲಸವಾಗಿ ಪರಿಣಮಿಸುವುದಿಲ್ಲ. ಸ್ಥೂಲವಾಗಿ ಹೇಳುವುದಾದರೆ ಮೂರರಲ್ಲೊಂದು ಪಾಲು ಗಾಲಿಯನ್ನು ತಿರುಗಿಸುತ್ತದೆ. ಮತ್ತೊಂದು ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಉಳಿದ ಪಾಲು ಸಿಲಿಂಡರಿನ ಗೋಡೆಗೂ ಹೆಡ್ಡಿಗೂ ಹತ್ತುತ್ತದೆ. ಈ ಮೂರನೆಯ ಪಾಲನ್ನು ಹೊತ್ತುಕೊಂಡು ಹೋಗುವುದೇ ತಂಪುನೀರಿನ ಕೆಲಸ. ಸಿಲಿಂಡರಿನ ಸುತ್ತಲೂ ಇರುವ ಟೊಳ್ಳಾದ ಕವಚದಲ್ಲಿ ನೀರು ಕೆಳಗಿನಿಂದ ಒಳಹೊಕ್ಕು, ಕಾದು, ಮೇಲಿನಿಂದ ಹೊರಬೀಳುತ್ತದೆ. ನೀರು ನಿಂತರೆ ಕೀಲೆಣ್ಣೆಯ ತೆಳುಪೊರೆ ಉರಿದುಹೋಗಿ, ಪಿಸ್ಟನ್ನು ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ. ಹೆಡ್ಡು ಬಿರಿಯುವುದೂ ಉಂಟು.

ಇದಕ್ಕೆ ಬೇಕಾಗುವ ನೀರು ಬಹಳವೇನೂ ಅಲ್ಲ. ೫ ಅಶ್ವಶಕ್ತಿಯ ಇಂಜಿನ್ನು ಪೂರ್ಣ ಭಾರದಲ್ಲಿ ನಡೆಯುವಾಗ, ೨೭ ಡಿಗ್ರಿ ಸೆಂಟಿಗ್ರೇಡಿನ ಬಾವಿನೀರು ೬೦ ಡಿಗ್ರಿಗೆ ಕಾಯುವುದೆಂದು ಲೆಕ್ಕ ಹಾಕಿದರೆ, ಗಂಟೆಗೆ ಸುಮಾರು ೧೦೦ ಲೀಟರು ಸಾಕು. ಅದೇ ಇಂಜಿನ್ನು ಒಟ್ಟು ೫೦ ಅಡಿ ಎತ್ತರಕ್ಕೆ ಗಂಟೆಗೆ ೪೦,೦೦೦ ಲೀಟರಿನಷ್ಟು ನೀರನ್ನೆತ್ತಬಲ್ಲದು. ಹೀಗೆ ನಾನೂರರಲ್ಲೊಂದು ಪಾಲಿನ ನೀರು ಇಂಜಿನ್ನನ್ನು ಕಾಪಾಡುತ್ತದೆ. ಅಷ್ಟು ಸಣ್ಣ ಧಾರೆಯಾದುದರಿಂದಲೇ ಒಂದು ಎಲೆ, ಒಂದು ಬಸವನಹುಳುವಿನ ಚಿಪ್ಪು, ಒಂದು ಹಿಡಿ ಮರಳು ಅದನ್ನು ತಡೆಯಬಲ್ಲುದು.

೨. ಎರಡು ಬಗೆಯ ಏರ್ಪಾಡು

ಮೊದಲನೆಯದು ಹರಿದುಹೋಗುವ ನೀರಿನ ಏರ್ಪಾಡು. ಪಂಪು ಮೇಲಕ್ಕೆ ತಳ್ಳುವ ನೀರಿನಿಂದ ಒಂದು ಸಣ್ಣ ಕವಲುಕೊಳವೆಯನ್ನು ತೆಗೆದು ಕವಚಕ್ಕೆ ಜೋಡಿಸಿರುತ್ತಾರೆ. ಕಾದ ನೀರು ಕಾಲುವೆಗೆ ಬೀಳುತ್ತದೆ. ಈ ಕವಲು ಪಂಪಿಗೆ ಸಮೀಪವಾಗಿ ಕೆಳಗಡೆ ಇರತಕ್ಕದ್ದು. ಕೊಳವೆಯ ಮೇಲ್ಗಡೆ, ನೀರು ಹೊರಬೀಳುವ ಬಾಯಿಯ ಹತ್ತಿರ ಇಟ್ಟರೆ ಅಲ್ಲಿ ಒತ್ತಡ ಸಾಲದೆ ಕವಚಕ್ಕೆ ನೀರು ಸರಿಯಾಗಿ ಹೋಗುವುದಿಲ್ಲ.

ಎರಡನೆಯದು ತೊಟ್ಟಿಯ ಏರ್ಪಾಡು. ಕವಚದಲ್ಲಿ ಕಾದ ನೀರು ಹಗುರವಾಗಿ ಮೇಲಿನ ಕೊಳವೆಯ ಮೂಲಕ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿಯ ತಳದ ತಣ್ಣನೆಯ ನೀರು ಕೆಳಗಿನ ಕೊಳವೆಯ ಮೂಲಕ ಕವಚಕ್ಕೆ ಬರುತ್ತದೆ. ಇಲ್ಲಿ ಎರಡು ಸಂಗತಿಗಳು ಮುಖ್ಯ. ತೊಟ್ಟಿಯ ನೀರು ಮೇಲಿನ ಕೊಳವೆಯ ಬಾಯಿಗಿಂತ ಯಾವಾಗಲೂ ಮೇಲಿರಬೇಕು. ಅದಕ್ಕಿಂತ ಇಳಿದೊಡನೆಯೇ ತೊಟ್ಟಿಯಲ್ಲಿ ನೀರು ತುಂಬ ಇದ್ದರೂ ಸುತ್ತಾಟವು ನಿಂತುಹೋಗುವುದು. ಮೇಲಿನ ಕೊಳವೆಯು ತೊಟ್ಟಿಯ ಕಡೆಗೆ ಒಂದೇ ಸಮನೆ ಏರಿರಬೇಕು. ನಡುವೆ ಡುಬ್ಬವಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ನೀರನ್ನು ತಡೆಯುವುದು. ತೊಟ್ಟಿಯ ನೀರು ಆವಿಯಾಗಿಯೂ ಹೋಗುವುದರಿಂದ ೫ ಅಶ್ವಶಕ್ತಿಯ ಇಂಜಿನ್ನಿಗೆ ಗಂಟೆಗೆ ೫ ಲೀಟರಿನವರೆಗೂ ಮರಳಿ ತುಂಬಬೇಕಾಗಬಹುದು.

೩. ಕಾವೇರಿದಾಗ ಮೊದಲು ಮಾಡತಕ್ಕದ್ದು

ಹೊರಬೀಳುವ ನೀರು ಹನಿಹನಿಯಾಗುವುದು, ಉಗಿ ಏಳುವುದು, ಸುಟ್ಟ ಎಣ್ಣೆಯ ಅಥವಾ ಬಣ್ಣದ ವಾಸನೆ ಬರುವುದು, ಇಂಜಿನ್ನಿನ ವೇಗ ತಾನಾಗಿ ಕುಗ್ಗುವುದು, ಬಡಿದಂತೆ ಶಬ್ದವಾಗುವುದು, ಇವು ಕಾವೇರಿದುದರ ಲಕ್ಷಣಗಳು. ಇವುಗಳಲ್ಲಿ ಯಾವುದು ಕಂಡರೂ ಇಂಜಿನ್ನನ್ನು ಕೂಡಲೇ ನಿಲ್ಲಿಸತಕ್ಕದ್ದು. “ಇನ್ನೆರಡು ಮಡಿ ಇದೆ, ಮುಗಿದುಬಿಡಲಿ” ಎಂಬ ಆಲೋಚನೆಯೇ ಸಿಲಿಂಡರುಗಳನ್ನು ಒಡೆಯುವುದು. ಪೈರು ಒಂದು ದಿನ ತಾಳಬಲ್ಲದು. ಪಿಸ್ಟನ್ನು ಕಚ್ಚಿಕೊಂಡ ಇಂಜಿನ್ನಾದರೋ ಪೇಟೆಗೆ ಹೋಗಿ ಬರುವ ವೇಳೆಗೆ ಪೈರೇ ಉಳಿದಿರಲಾರದು.

ಕಾದ ಇಂಜಿನ್ನಿನ ಮೇಲಾಗಲಿ, ಬರಿದಾದ ಕವಚದೊಳಕ್ಕಾಗಲಿ ತಣ್ಣೀರನ್ನು ಹೊಯ್ಯಲೇಕೂಡದು. ಬೀಡುಕಬ್ಬಿಣವು ಒಂದು ಕಡೆ ಕಾದು ಮತ್ತೊಂದು ಕಡೆ ಥಟ್ಟನೆ ತಣಿದರೆ, ಕಾದ ಗಾಜಿನ ಚಿಮಣಿಗೆ ನೀರು ಸಿಡಿದಂತೆ, ಬಿರಿಯುತ್ತದೆ. ಇಂಜಿನ್ನು ತಾನಾಗಿ ಆರುವವರೆಗೆ ಕಾದಿರಬೇಕು. ಉಗಿಯಿರುವಾಗ ಮುಚ್ಚಳವನ್ನೂ ಕೊಳವೆಯ ಕೀಲುಗಳನ್ನೂ ಬಿಚ್ಚಕೂಡದು. ಕುದಿಯುವ ನೀರು ಮುಖಕ್ಕೆ ಚಿಮ್ಮುವುದು. ಆರಿದ ಬಳಿಕ ಗಾಲಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಸರಾಗವಾಗಿ ತಿರುಗದಿದ್ದರೆ ಬಲಾತ್ಕಾರ ಮಾಡದೆ ಮಿಸ್ತ್ರಿಯನ್ನು ಕರೆಯಿಸುವುದು ಲೇಸು.

೪. ನೀರಿನ ದಾರಿಯನ್ನು ಹಿಡಿದು ಹೋಗುವ ಕ್ರಮ

ದೋಷವನ್ನು ಹುಡುಕುವವನು ಕಂಡಕಂಡಲ್ಲಿ ಬಿಚ್ಚದೆ, ನೀರು ಹೋಗುವ ದಾರಿಯಲ್ಲೇ ಮೊದಲಿನಿಂದ ಕೊನೆಯವರೆಗೆ ಹೋಗತಕ್ಕದ್ದು. ಹರಿದುಹೋಗುವ ನೀರಿನ ಏರ್ಪಾಡಿನಲ್ಲಿ ಆ ಕ್ರಮವು ಹೀಗಿದೆ.

ಮೊದಲನೆಯದಾಗಿ, ಇಂಜಿನ್ನು ನಿಂತಾಗ ಪಂಪಿನ ದೊಡ್ಡ ಕೊಳವೆಯಲ್ಲಿ ನೀರು ತುಂಬ ಬರುತ್ತಿತ್ತೇ ಎಂದು ವಿಚಾರಿಸಬೇಕು. ಅದೇ ಕುಗ್ಗಿದ್ದರೆ ದೋಷವು ಬಾವಿಯ ಕಡೆಗಿದೆ. ನೀರು ಫುಟ್‌ವಾಲ್ವಿನವರೆಗೆ ಇಳಿದಿರಬಹುದು. ಜಾಲರಿಗೆ ಕಸ ಕಟ್ಟಿರಬಹುದು. ಹೀರುಕೊಳವೆಯ ಕೀಲಿನಲ್ಲಿ ಗಾಳಿ ಸೇರುತ್ತಿರಬಹುದು. ಪಂಪು ನೀರು ಬಿಟ್ಟರೆ ಇಂಜಿನ್ನಿಗೂ ನೀರಿಲ್ಲವೆಂಬುದನ್ನು ಮರೆಯಬಾರದು.

ಎರಡನೆಯದಾಗಿ, ದೊಡ್ಡ ಕೊಳವೆಯಲ್ಲಿ ನೀರು ಚೆನ್ನಾಗಿದ್ದು ಇಂಜಿನ್ನಿನ ನೀರು ಮಾತ್ರ ಕುಗ್ಗಿದ್ದರೆ, ಕವಚವನ್ನು ಸೇರುವ ಸ್ಥಳದಲ್ಲಿ ಸಣ್ಣ ಕೊಳವೆಯನ್ನು ಕಳಚಬೇಕು. ಬಳಿಕ, ಪೂರ್ತಿಯಾಗಿ ಆರಿದ ಇಂಜಿನ್ನನ್ನು ಒಂದೆರಡು ನಿಮಿಷ ಮಾತ್ರ ನಡೆಯಿಸಿ, ಕಳಚಿದ ಬಾಯಿಯಿಂದ ಬರುವ ನೀರನ್ನು ನೋಡಬೇಕು. ಇದೇ ಈ ಪರೀಕ್ಷೆಯ ತಿರುಳು. ಅಲ್ಲಿ ನೀರು ಕ್ಷೀಣವಾಗಿದ್ದರೆ ತಡೆ ಹಿಂದಿದೆ: ಕವಲಿನ ಬಾಯಿ, ನಲ್ಲಿ, ಮೊಳಕೈ, ಇವುಗಳನ್ನು ಬಿಚ್ಚಿ ತಂತಿಯಿಂದ ಶುದ್ಧಿಮಾಡಬೇಕು. ರಬ್ಬರಿನ ಕೊಳವೆಯಾದರೆ ಒಳಪದರವು ಕಿತ್ತು ಮಡಿಚಿರುವುದೂ ಉಂಟು. ಹೊರಗಿನಿಂದ ಅದು ಕಾಣುವುದಿಲ್ಲ. ನೀರು ರಭಸವಾಗಿ ಬಂದರೆ ಹಿಂದಿನದೆಲ್ಲವೂ ಸರಿಯಾಗಿದೆ, ತಡೆ ಮುಂದಿದೆ.

ಮೂರನೆಯದಾಗಿ, ಹೊರದಾರಿಯ ಕೊಳವೆಯನ್ನು ಕಳಚಿ ಒಳಗೆ ನೋಡಬೇಕು. ನೀರು ಅತ್ಯಂತ ಬಿಸಿಯಾಗುವುದು ಅಲ್ಲಿಯೇ ಆದುದರಿಂದ ಸುಣ್ಣದ ಪೊರೆಯೂ ಅಲ್ಲಿಯೇ ದಪ್ಪವಾಗಿ ಕಟ್ಟುತ್ತದೆ.

ನಾಲ್ಕನೆಯದಾಗಿ, ಕವಚದ ತಳದ ಬಿರಡೆಯನ್ನು ತೆಗೆದು ನೀರನ್ನು ಬಸಿಯಬೇಕು. ನೀರು ಬಾರದೆ ಕೆಸರೇ ಬಂದರೆ, ಅಥವಾ ಏನೂ ಬಾರದಿದ್ದರೆ, ಕವಚದ ಕೆಳಭಾಗವು ಹೂಳಿನಿಂದ ತುಂಬಿದೆಯೆಂದು ತಿಳಿಯಬೇಕು. ಮಳೆಗಾಲದಲ್ಲಿ ಹೊಳೆಯ ಕೆಂಪುನೀರನ್ನೆತ್ತುವ ಇಂಜಿನ್ನುಗಳಲ್ಲಿ ಈ ದೋಷ ಬೇಗ ಬರುತ್ತದೆ.

೫. ನೀರು ಬರುತ್ತಿದ್ದರೂ ಇಂಜಿನ್ನು ಕಾಯುವುದೇಕೆ?

ಹೊರಬೀಳುವ ನೀರು ಧಾರಾಳವಾಗಿಯೂ ತಣ್ಣಗಾಗಿಯೂ ಇದ್ದು, ಇಂಜಿನ್ನು ಮಾತ್ರ ಕಾಯುತ್ತಿರುವುದುಂಟು. ನೀರು ತಣ್ಣಗಿದೆಯಾದುದರಿಂದ ತಂಪಿನ ಏರ್ಪಾಡು ಸರಿಯಾಗಿದೆಯೆಂದು ರೈತನು ಮೋಸಹೋಗುವುದು ಇಲ್ಲಿಯೇ. ಕವಚದ ಒಳಗೋಡೆಗೆ ಸುಣ್ಣದ ಪೊರೆ ಕಟ್ಟಿದಾಗ ಸಿಲಿಂಡರಿನ ಶಾಖವು ಅದನ್ನು ದಾಟಿ ನೀರನ್ನು ಮುಟ್ಟಲಾರದು. ಗಡಸು ನೀರು ಕಾದಾಗ ಅದರಲ್ಲಿ ಕರಗಿದ ಸುಣ್ಣದ ಅಂಶವು ಬೇರೆಯಾಗಿ ಕಲ್ಲಿನಂತೆ ಅಂಟಿಕೊಳ್ಳುತ್ತದೆ. ಇದು ಕಬ್ಬಿಣಕ್ಕಿಂತ ಬಹಳ ಕಡಿಮೆ ಶಾಖವನ್ನು ಸಾಗಿಸುತ್ತದೆ. ಅನ್ನ ಬೇಯಿಸುವ ಬಿಸಿನೀರಿನ ಹಂಡೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವ ಊರುಗಳಲ್ಲಿ ಇಂಜಿನ್ನಿನಲ್ಲಿಯೂ ಅದು ಕಟ್ಟುವುದೆಂದು ಎಚ್ಚರದಿಂದಿರಬೇಕು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆಯ ಅನೇಕ ಬಾವಿಗಳ ನೀರು ಈ ಬಗೆಯದು.

ನೀರು ಧಾರಾಳವಾಗಿದ್ದು, ಅದೂ ಬಹಳ ಬಿಸಿಯಾಗಿ ಬಂದರೆ, ದೋಷವು ನೀರಿನದಲ್ಲ. ಇಂಜಿನ್ನೇ ಹೆಚ್ಚು ಶಾಖವನ್ನು ಹುಟ್ಟಿಸುತ್ತಿದೆ. ಭಾರ ಮೀರಿರುವುದು, ಬೆಲ್ಟು ಅತಿಯಾಗಿ ಬಿಗಿದಿರುವುದು, ಕೀಲೆಣ್ಣೆ ಇಳಿದಿರುವುದು, ಹೊಗೆಯ ಕೊಳವೆಗೆ ಮಸಿ ಕಟ್ಟಿರುವುದು, ಎಣ್ಣೆ ಚಿಮ್ಮುವ ವೇಳೆ ತಪ್ಪಿರುವುದು, ಇವು ಅದರ ಕಾರಣಗಳು.

ಹೊರಬೀಳುವ ನೀರಿನಲ್ಲಿ ಗುಳ್ಳೆಗಳು ಎಡೆಬಿಡದೆ ಬರುತ್ತಿದ್ದರೆ ಹೆಡ್ಡಿನ ಗ್ಯಾಸ್ಕೆಟ್ಟು ಹರಿದಿರಬಹುದು, ಇಲ್ಲವೆ ಹೆಡ್ಡು ಬಿರಿದಿರಬಹುದು. ಕೀಲೆಣ್ಣೆಯು ಹಾಲು ಬೆರಸಿದಂತೆ ಬೆಳ್ಳಗಾಗಿದ್ದರೆ ಅದರೊಳಗೆ ನೀರು ಸೇರಿದೆ. ಈ ಎರಡು ಚಿಹ್ನೆಗಳಲ್ಲಿ ಒಂದು ಕಂಡರೂ ಇಂಜಿನ್ನನ್ನು ನಡೆಯಿಸಲೇಕೂಡದು. ಇದು ಮಿಸ್ತ್ರಿಯ ಕೆಲಸ.

೬. ಸುಣ್ಣದ ಪೊರೆಯನ್ನು ತೆಗೆಯುವ ವಿಧಾನ

ಕವಚಕ್ಕೆ ಬಾಗಿಲಿದ್ದರೆ ಅದನ್ನು ತೆಗೆದು ಮೊಂಡಾದ ಕಬ್ಬಿಣದಿಂದ ಕೆರೆದು ತೊಳೆಯುವುದೇ ಉತ್ತಮ. ಅದು ಸಾಧ್ಯವಿಲ್ಲದಿದ್ದರೆ ಅಂಗಡಿಯಲ್ಲಿ ದೊರೆಯುವ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಪಾಲನ್ನು ಹತ್ತು ಪಾಲು ನೀರಿಗೆ ಬೆರಸಿ, ಆರಿದ ಇಂಜಿನ್ನಿನ ಕವಚದಲ್ಲಿ ತುಂಬಿ, ನೊರೆ ನಿಲ್ಲುವವರೆಗೆ ಬಿಟ್ಟು ಬಸಿಯಬೇಕು. ಬಳಿಕ ಶುದ್ಧ ನೀರಿನಿಂದಲೂ, ಅಗಸರ ಸೋಡಾ ಕರಗಿಸಿದ ನೀರಿನಿಂದಲೂ, ಪುನಃ ಶುದ್ಧ ನೀರಿನಿಂದಲೂ ತೊಳೆಯಬೇಕು. ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕೆ ಹಾಕಕೂಡದು. ಕಣ್ಣು ಕೈಗಳಿಗೆ ತಗಲದಂತೆ ಕಾಪಾಡಿಕೊಳ್ಳಬೇಕು. ಕೆಲಸವನ್ನು ಬಯಲಿನಲ್ಲಿ ಮಾಡತಕ್ಕದ್ದು. ಹೊರಡುವ ಗಾಳಿಗೆ ಬೆಂಕಿ ಹತ್ತಬಹುದಾದುದರಿಂದ ಬೀಡಿ, ದೀಪಗಳು ಹತ್ತಿರವಿರಕೂಡದು. ಬಸಿದ ನೀರು ಬಾವಿಗೂ ದನಗಳ ಬಾಯಿಗೂ ಹೋಗದಂತೆ ನೋಡಿಕೊಳ್ಳಬೇಕು. ಅಲ್ಯೂಮಿನಿಯಮ್ಮಿನ ಭಾಗಗಳಿರುವ ಕವಚಕ್ಕೆ ಈ ಆಮ್ಲವನ್ನು ಹಾಕಲೇಬಾರದು.

೭. ಅತಿಯಾದ ತಂಪೂ ನಷ್ಟವೇ

ನೀರು ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೆಂದು ನಲ್ಲಿಯನ್ನು ಪೂರ್ತಿ ತೆರೆದಿಡುವ ವಾಡಿಕೆಯುಂಟು. ಇದು ತಪ್ಪು. ಸಿಲಿಂಡರು ತೀರ ತಣ್ಣಗಿದ್ದರೆ ಎಣ್ಣೆ ಪೂರ್ತಿಯಾಗಿ ಉರಿಯದೆ ಖರ್ಚು ಹೆಚ್ಚುತ್ತದೆ. ಒಳಗೆ ಕಟ್ಟುವ ತೇವವು ಎಣ್ಣೆಯ ಗಂಧಕದೊಡನೆ ಸೇರಿ ಆಮ್ಲವಾಗಿ ಸಿಲಿಂಡರನ್ನು ಸವೆಯಿಸುತ್ತದೆ. ಇಂಜಿನ್ನು ಕಾದ ಮೇಲೆ ನಲ್ಲಿಯನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಿ, ಹೊರಬೀಳುವ ನೀರು ೬೦ ಡಿಗ್ರಿಯ ಆಸುಪಾಸಿನಲ್ಲಿರುವಂತೆ ಮಾಡಬೇಕು. ಗಡಸು ನೀರಾದರೆ ಇದಕ್ಕಿಂತ ಸ್ವಲ್ಪ ಕಡಿಮೆಯಿರುವುದು ಮೇಲು. ತಯಾರಕರ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸತಕ್ಕದ್ದು. ಉಷ್ಣಮಾಪಕವಿಲ್ಲದವರು ಹೊರಕೊಳವೆಯನ್ನು ಮುಟ್ಟಿ ನೋಡಬಹುದು: ಕೈ ಒಂದು ಕ್ಷಣ ತಾಳಿ ಹಿಂದೆಗೆಯುವಷ್ಟು ಬಿಸಿ ಸರಿಯಾದುದು. ಬೀಳುವ ನೀರಿನಲ್ಲಿ ಕೈಯಿಡಕೂಡದು.

೮. ನಿತ್ಯದ ಎಚ್ಚರಿಕೆ

ಕಾದ ನೀರು ಕಾಲುವೆಯಲ್ಲಿ ಮುಳುಗಿ ಬೀಳದೆ, ಎಲ್ಲರ ಕಣ್ಣಿಗೆ ಕಾಣುವಂತೆ ಎತ್ತರದಿಂದ ಬೀಳುವ ಹಾಗೆ ಕೊಳವೆಯನ್ನು ಇಡಬೇಕು. ಕಡಲ ದೋಣಿಯವರು ಇಂಜಿನ್ನನ್ನು ಹೊರಡಿಸಿದ ಕೂಡಲೇ ದೋಣಿಯ ಪಕ್ಕದಿಂದ ತಂಪುನೀರು ಹೊರಬೀಳುತ್ತಿದೆಯೇ ಎಂದು ಬಗ್ಗಿ ನೋಡುವರು. ನೆಲದ ಮೇಲಿನವರಿಗೂ ಈ ಅಭ್ಯಾಸವಿರಬೇಕು. ಕವಲಿನ ನಲ್ಲಿಗೆ ಮೊದಲು ಒಂದು ಸಣ್ಣ ಜಾಲರಿಯನ್ನಿಟ್ಟು ವಾರಕ್ಕೊಮ್ಮೆ ತೊಳೆಯಬೇಕು. ಕವಚದ ತಳದ ಬಿರಡೆಯನ್ನು ತಿಂಗಳಿಗೊಮ್ಮೆ ತೆಗೆದು ಹೂಳನ್ನು ಹೊರಡಿಸಬೇಕು. ಹೊರಕೊಳವೆಯನ್ನು ಬೇಸಗೆಗೆ ಮೊದಲು, ಮಾಘ ಮಾಸದೊಳಗಾಗಿ, ಒಂದು ಸಲ ಕಳಚಿ ನೋಡಬೇಕು.

ಹಲವರು ಕೂಡಿ ಇಟ್ಟುಕೊಂಡ ಇಂಜಿನ್ನಿನಲ್ಲಿ ಎಲ್ಲರೂ ನಡೆಯಿಸುವರು, ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಒಬ್ಬನ ಸರದಿ ಮುಗಿಯುವ ಆತುರದಲ್ಲಿ ಕಾವೇರಿದ ಇಂಜಿನ್ನು ಮಾರನೆಯ ದಿನ ಮತ್ತೊಬ್ಬನ ಕೈಯಲ್ಲಿ ನಿಂತು ಊರಿನಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ಆದಕಾರಣ ಗ್ರಾಮದ ಮುಖಂಡರು ಒಬ್ಬನನ್ನೇ ಇಂಜಿನ್ನಿಗೆ ಹೊಣೆಗಾರನನ್ನಾಗಿ ಮಾಡಿ, ನಡೆದ ಗಂಟೆಗಳನ್ನೂ, ಜಾಲರಿ ತೊಳೆದ ದಿನವನ್ನೂ, ಕಂಡ ದೋಷಗಳನ್ನೂ ಒಂದು ಪುಸ್ತಕದಲ್ಲಿ ಬರೆಯಿಸತಕ್ಕದ್ದು. ಕಾವೇರಿದಾಗ ಇಂಜಿನ್ನನ್ನು ನಿಲ್ಲಿಸಿದವನ ಸರದಿಯು ನಷ್ಟವಾಗದೆ ಮಾರನೆಯ ದಿನ ಅವನಿಗೇ ಮೊದಲು ಸಲ್ಲುವುದೆಂದು ನಿಯಮ ಮಾಡಿದರೆ, ನಿಲ್ಲಿಸಲು ಯಾರೂ ಹಿಂಜರಿಯಲಾರರು. ಹೀಗೆ ನಡೆದುಕೊಂಡಲ್ಲಿ ಬೇಸಗೆಯ ನಡುವೆ ಇಂಜಿನ್ನು ಕೈಕೊಡುವ ಭಯವು ಬಹುಮಟ್ಟಿಗೆ ತಪ್ಪುವುದು.