ಹೆಬ್ಬೆರಳ ಗಂಟಿನ ಆಪರೇಶನ್: ಪಟ್ಟಿ ಬಿಚ್ಚಿದ ಮೇಲಿನ ಆತಂಕ

ಕಾಲಿನ ಹೆಬ್ಬೆರಳ ಬುಡದಲ್ಲಿ ಎದ್ದು ನಿಲ್ಲುವ ಗಂಟಿಗೆ ವೈದ್ಯರು ‘ಬನಿಯನ್’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಅಂಗಿಯ ಒಳಗೆ ತೊಡುವ ಬನಿಯನ್ ಆಗಿಯೇ ಕೇಳಿಸುವುದರಿಂದ, ಆಸ್ಪತ್ರೆಗೆ ಹೋಗಿ ಬಂದವರು ಮನೆಮಂದಿಗೆ ವಿವರಿಸಿ ಹೇಳುವಷ್ಟರಲ್ಲಿ ಸಾಕುಬೇಕಾಗುತ್ತದೆ. ದಿನಬೆಳಗಾದರೆ ರೈಲ್ವೇ ಸೇತುವೆ ಹತ್ತಿ ಇಳಿದು ಲೋಕಲ್ ಹಿಡಿಯುವವರಿಗೆ, ಹೊಟೇಲಿನ ಅಡುಗೆಮನೆಯಲ್ಲೋ ಅಂಗಡಿಯ ಕೌಂಟರಿನಲ್ಲೋ ದಿನವಿಡೀ ನಿಂತು ದುಡಿಯುವವರಿಗೆ ಈ ಗಂಟು ಕೊಡುವ ನೋವು ಮಾತ್ರ ಸಣ್ಣದಲ್ಲ. ಚಪ್ಪಲಿ ಬದಲಿಸಿ, ಮಾತ್ರೆ ನುಂಗಿ, ವರ್ಷಗಟ್ಟಲೆ ತಳ್ಳಿಕೊಂಡು ಬಂದು ಕೊನೆಗೆ ಆಪರೇಶನ್‌ಗೆ ಒಪ್ಪುವವರು ನಮ್ಮವರಲ್ಲೂ ಇದ್ದಾರೆ.

ಆಪರೇಶನ್ ಸಾಂಗವಾಗಿ ಮುಗಿಯುತ್ತದೆ. ನಿಜವಾದ ಆತಂಕ ಶುರುವಾಗುವುದು ಮೊದಲ ಸಲ ಪಟ್ಟಿ ಬಿಚ್ಚಿದಾಗ. ಬೆರಳು ಬಾತುಕೊಂಡು ಬದನೆಕಾಯಿಯಂತಾಗಿದೆ, ಪಕ್ಕದ ಬೆರಳಿಗೂ ಅದಕ್ಕೂ ನಡುವೆ ಎಂದೂ ಇಲ್ಲದ ಸಂದು ಬಿದ್ದಿದೆ, ತುದಿ ನೆಲಕ್ಕೆ ತಾಗುವುದೇ ಇಲ್ಲ. ಇಷ್ಟು ಖರ್ಚು ಮಾಡಿಯೂ ಬೆರಳು ನೇರವಾಗಲಿಲ್ಲವೇ ಎಂಬ ಪ್ರಶ್ನೆ ಮನೆಯವರೆಲ್ಲರ ಮುಖದಲ್ಲಿ. ನೋಡಲು ಬಂದ ನೆಂಟರು ‘ಇದು ವಾರೆಯೇ ಇದೆಯಲ್ಲ ಅಕ್ಕಾ’ ಎಂದು ಒಂದು ಮಾತು ಹೇಳಿ ಹೋದರೆ ರಾತ್ರಿ ನಿದ್ದೆಯೂ ಇಲ್ಲ.

ಈ ಗಂಟು ಹೊಸದಾಗಿ ಬೆಳೆದ ಮಾಂಸವೋ ಎಲುಬೋ ಎಂದು ಬಹುಮಂದಿ ತಿಳಿದಿರುತ್ತಾರೆ. ಹಾಗಲ್ಲ. ಹೆಬ್ಬೆರಳಿನ ಹಿಂದೆ ಪಾದದೊಳಗೆ ಇರುವ ಉದ್ದ ಎಲುಬು ಇನ್ನೊಂದು ಕಾಲಿನ ಕಡೆಗೆ ಸರಿಯುತ್ತದೆ, ಬೆರಳು ಮಾತ್ರ ಎರಡನೇ ಬೆರಳಿನ ಕಡೆಗೆ ವಾಲುತ್ತದೆ. ಹೀಗೆ ಕೀಲು ಕೋನವಾಗಿ ಮಡಿದಾಗ ಹೊರಗೆ ಚಾಚಿದ ಎಲುಬಿನ ತಲೆಯೇ ಗಂಟು. ಎಕ್ಸ್‌ರೇಯಲ್ಲಿ ಈ ವಾಲುವಿಕೆ 15 ಡಿಗ್ರಿ ದಾಟಿದರೆ ವೈದ್ಯರು ಅದನ್ನು ‘ಹ್ಯಾಲಕ್ಸ್ ವಾಲ್ಗಸ್’ ಎಂದು ಗುರುತಿಸುತ್ತಾರೆ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ 18ರಿಂದ 65ರ ವಯಸ್ಸಿನವರಲ್ಲಿ ಶೇ. 23ರಷ್ಟು ಮಂದಿಗೆ ಇದು ಇರುತ್ತದೆ, ಪುರುಷರಲ್ಲಿ ಶೇ. 13, ಮಹಿಳೆಯರಲ್ಲಿ ಶೇ. 30.

ಕಾರಣಗಳಲ್ಲಿ ವಂಶವಾಹಿನಿಯ ಪಾಲು ದೊಡ್ಡದು. ಅಜ್ಜಿಗೆ, ತಾಯಿಗೆ ಇದ್ದದ್ದು ಮಗಳಿಗೂ ಬರುವುದು ಸಾಮಾನ್ಯ. ಪಾದರಕ್ಷೆಯ ಪಾಲೂ ಇದೆ. ಹಾಂಕಾಂಗಿನಲ್ಲಿ ಇಬ್ಬರು ತಜ್ಞರು ನಡೆಸಿ 1958ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೂ ಹಾಕುವವರಲ್ಲಿ ಶೇ. 33 ಮಂದಿಗೆ ಬೆರಳು ವಾಲಿದ್ದು ಕಂಡುಬಂದರೆ, ಬರಿಗಾಲಿನವರಲ್ಲಿ ಅದು ಶೇ. 1.9 ಮಾತ್ರ ಇತ್ತು. ಊರಿನ ಕಡೆಯದೇ ಇನ್ನೊಂದು ಉದಾಹರಣೆಯೂ ಉಂಟು. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಡಾ. ಉದಯ ಭಾಸ್ಕರ ರಾವ್ ಮತ್ತು ಡಾ. ಬೆಂಜಮಿನ್ ಜೋಸೆಫ್ 2,300 ಮಕ್ಕಳ ಪಾದದ ಅಚ್ಚು ತೆಗೆದು 1992ರಲ್ಲಿ ವರದಿ ಪ್ರಕಟಿಸಿದರು. ಅದು ಹೆಬ್ಬೆರಳ ಗಂಟಿನ ಬಗ್ಗೆ ಅಲ್ಲ, ಚಪ್ಪಟೆ ಪಾದದ ಬಗ್ಗೆ. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6, ಹಾಕದವರಲ್ಲಿ ಶೇ. 2.8 ಎಂದು ಕಂಡುಬಂದ ಆ ಅಧ್ಯಯನವನ್ನು ಇಂದಿಗೂ ವಿದೇಶದ ಎಲುಬು ತಜ್ಞರು ಉಲ್ಲೇಖಿಸುತ್ತಾರೆ. ಗದ್ದೆಯ ಹುಣಿಯಲ್ಲಿ ಬರಿಗಾಲಲ್ಲಿ ಓಡಾಡಿದ ಪಾದ ಮುಂಬಯಿಗೆ ಬಂದು ಚೂಪು ಮೂತಿಯ ಶೂನೊಳಗೆ ಸೇರಿದ ಕತೆ ಅನೇಕರದ್ದು ಎಂಬುದನ್ನು ನೆನೆದರೆ ಈ ಅಂಕೆಗಳು ತೀರಾ ಪರಕೀಯವೆನಿಸಲಾರವು.

ಆಪರೇಶನ್ನಿನಲ್ಲಿ ಸಾಮಾನ್ಯವಾಗಿ ಆ ಉದ್ದ ಎಲುಬನ್ನು ಕತ್ತರಿಸಿ, ಸರಿಯಾದ ಜಾಗಕ್ಕೆ ಸರಿಸಿ, ಸಣ್ಣ ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಬೆರಳನ್ನು ಒಂದೇ ಬದಿಗೆ ಎಳೆಯುತ್ತಿದ್ದ ಪೊರೆಯನ್ನು ಸಡಿಲಿಸಿ, ಮತ್ತೊಂದು ಬದಿಯನ್ನು ಬಿಗಿದು ಹೊಲಿಯುತ್ತಾರೆ. ಕೆಲವು ಪದ್ಧತಿಗಳಲ್ಲಿ ಬೆರಳ ತುದಿಯಿಂದ ತಂತಿಯೊಂದು ಹೊರಗೆ ಇಣುಕುತ್ತಿದ್ದು, ಅದನ್ನು ಕೆಲವು ವಾರಗಳ ನಂತರ ತೆಗೆಯುತ್ತಾರೆ. ಎಲುಬನ್ನು ಸ್ಕ್ರೂ ಹಿಡಿದಿಡುತ್ತದೆ, ಸರಿ. ಆದರೆ ಹೊಲಿದ ಪೊರೆ ಗಟ್ಟಿಯಾಗುವ ತನಕ ಬೆರಳನ್ನು ನೇರ ನಿಲ್ಲಿಸುವ ಕೆಲಸ ಬಹುಪಾಲು ಆ ಪಟ್ಟಿಯದ್ದೇ. ಮನೆಯವರಿಗೆ ಅದು ಗಾಯ ಮುಚ್ಚಲು ಸುತ್ತಿದ ಬಟ್ಟೆಯಂತೆ ಕಾಣುತ್ತದೆ. ವೈದ್ಯರಿಗೆ ಅದು ಅಚ್ಚು. ಆದ್ದರಿಂದಲೇ ಸಡಿಲವಾಯಿತೆಂದು ಮನೆಯಲ್ಲಿ ಬಿಚ್ಚಿ ಕಟ್ಟುವುದು, ಬಿಗಿಯೆನಿಸಿತೆಂದು ಕತ್ತರಿ ಹಾಕುವುದು ಸಲ್ಲದು. ಬೆರಳು ನೀಲಿಗಟ್ಟಿದರೆ, ಮರಗಟ್ಟಿ ತಣ್ಣಗಾದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು.

ಹೊಲಿಗೆ ತೆಗೆಯುವುದು ಸುಮಾರು ಎರಡು ವಾರಕ್ಕೆ. ಎಲುಬು ಕೂಡಿಕೊಳ್ಳಲು ಆರರಿಂದ ಎಂಟು ವಾರ, ಕೆಲವು ಬಗೆಯ ಆಪರೇಶನ್‌ಗಳಲ್ಲಿ ಇನ್ನೂ ಹೆಚ್ಚು. ಊತ ಮಾತ್ರ ಎಲ್ಲರ ತಾಳ್ಮೆಯನ್ನು ಪರೀಕ್ಷಿಸುವಂಥದ್ದು. ಮೂರು ತಿಂಗಳಾದರೂ ಸಂಜೆ ಹೊತ್ತಿಗೆ ಪಾದ ಬಾತುಕೊಳ್ಳಬಹುದು. ಪೂರ್ತಿ ಇಳಿಯಲು ಆರು ತಿಂಗಳು, ಕೆಲವರಿಗೆ ವರ್ಷವೂ ಬೇಕಾಗುತ್ತದೆ. ಊದಿದ ಬೆರಳು ನೇರವಿದೆಯೋ ವಾರೆಯಿದೆಯೋ ಎಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಎರಡನೇ ಬೆರಳಿನ ಪಕ್ಕದ ಸಂದು ಸಹ ಹಲವು ಸಲ ಪಟ್ಟಿ ಕಟ್ಟುವಾಗ ಬೇಕೆಂದೇ ಬಿಟ್ಟದ್ದು. ತುದಿ ನೆಲಕ್ಕೆ ತಾಗದಿರುವುದಕ್ಕೆ ಊತ ಮತ್ತು ಕೀಲಿನ ಬಿಗಿತವೇ ಕಾರಣವಾಗಿರಬಹುದು. ವೈದ್ಯರು ಹೇಳಿದ ದಿನದಿಂದ ಬೆರಳು ಮಡಿಸುವ ವ್ಯಾಯಾಮ ಮಾಡಿದರೆ ಅದು ಕ್ರಮೇಣ ಸಡಿಲಗೊಳ್ಳುತ್ತದೆ. ನೋವಿಗೆ ಹೆದರಿ ವ್ಯಾಯಾಮ ಬಿಟ್ಟವರ ಕೀಲು ಬಿಗಿದುಕೊಂಡೇ ಉಳಿಯುವ ಸಂಭವವಿದೆ. ಬೆರಳ ಒಳಬದಿಯಲ್ಲಿ ಸ್ವಲ್ಪ ಜೋಮು ಇರುವುದೂ ಅಪರೂಪವಲ್ಲ.

ಹಾಗೆಂದು ಎಲ್ಲ ಆತಂಕವೂ ಸುಳ್ಳಲ್ಲ. ಬೆರಳು ಮತ್ತೆ ಮೊದಲಿನ ಕಡೆಗೇ ವಾಲುವುದುಂಟು. ಅದಕ್ಕೆ ವಿರುದ್ಧವಾಗಿ ಇತರ ಬೆರಳುಗಳಿಂದ ದೂರ ಸರಿಯುವುದೂ ಉಂಟು. ವಾರದಿಂದ ವಾರಕ್ಕೆ ಕಡಿಮೆಯಾಗಬೇಕಾದ ನೋವು ಹೆಚ್ಚುತ್ತಾ ಹೋದರೆ, ಎಡವಿ ಬಿದ್ದ ಮೇಲೆ ಬೆರಳ ಆಕಾರವೇ ಬದಲಾದಂತೆ ಕಂಡರೆ, ಮುಂದಿನ ತಾರೀಕಿಗೆ ಕಾಯದೆ ಆಪರೇಶನ್ ಮಾಡಿದ ವೈದ್ಯರಿಗೆ ತೋರಿಸಬೇಕು. ನಿಂತ ಭಂಗಿಯಲ್ಲಿ ತೆಗೆದ ಎಕ್ಸ್‌ರೇ ಕೊಡುವ ಉತ್ತರವನ್ನು ನೆಂಟರ ಕಣ್ಣು ಕೊಡಲಾರದು. ಗಾಯ ಕೆಂಪಾಗಿ ಕೀವು ಬರುವುದು, ಜ್ವರ, ಮೀನಖಂಡದಲ್ಲಿ ನೋವು ಮತ್ತು ಬಾವು ಇವು ಬೆರಳಿನ ನೇರಕ್ಕಿಂತ ತುರ್ತಿನ ವಿಷಯಗಳು. ಉಸಿರಾಟಕ್ಕೆ ತೊಂದರೆಯಾದರಂತೂ ಗಳಿಗೆಯೂ ತಡಮಾಡಬಾರದು.

ವೈದ್ಯರ ಸೂಚನೆಗಳೆಲ್ಲ ಕಾಗದದಲ್ಲಿ ಸುಲಭ, ಮುಂಬಯಿಯ ಮನೆಗಳಲ್ಲಿ ಕಷ್ಟ. ಗಟ್ಟಿ ಅಡಿಯ ವಿಶೇಷ ಚಪ್ಪಲಿ ಹಾಕಿ ಹಿಮ್ಮಡಿಯ ಮೇಲೆ ಭಾರ ಹಾಕಿ ನಡೆಯಿರಿ, ಕಾಲನ್ನು ಎದೆಯ ಮಟ್ಟಕ್ಕೆ ಎತ್ತಿಡಿ ಎನ್ನುತ್ತಾರೆ. ಚಾಳಿನಲ್ಲಿ ಇರುವವರು ಸಾರ್ವಜನಿಕ ಶೌಚಾಲಯಕ್ಕೆ ಹೋಗಬೇಕು, ಅದೂ ಕುಕ್ಕುರುಗಾಲಲ್ಲಿ ಕೂರುವಂಥದ್ದು. ಹಾಗೆ ಕೂತು ಏಳುವಾಗ ಪಾದದ ಮುಂಭಾಗಕ್ಕೆ ಬೀಳುವ ಭಾರ ಆಗತಾನೇ ಕೂಡುತ್ತಿರುವ ಎಲುಬಿಗೆ ಒಳ್ಳೆಯದಲ್ಲ. ಕಮೋಡ್ ಕುರ್ಚಿಯೊಂದನ್ನು ಬಾಡಿಗೆಗೆ ತರುವ ವ್ಯವಸ್ಥೆಯನ್ನು ಆಪರೇಶನ್‌ಗೆ ಮೊದಲೇ ಮಾಡಿಕೊಳ್ಳುವುದು ಲೇಸು. ಲಿಫ್ಟ್ ಇಲ್ಲದ ಮೂರನೇ ಮಾಳಿಗೆಯವರು ಆರು ವಾರ ನೆಲಮಾಳಿಗೆಯ ಸಂಬಂಧಿಕರ ಮನೆಯಲ್ಲಿ ಇರಲು ಸಂಕೋಚಪಡಬೇಕಿಲ್ಲ. ದೇವರ ಮುಂದೆ ಮೊಣಕಾಲೂರಿ ನಮಸ್ಕರಿಸುವಾಗಲೂ ಬೆರಳು ಹಿಂದಕ್ಕೆ ಮಡಿಯುತ್ತದೆ. ನಿಂತೇ ಕೈಮುಗಿದರೆ ಸಾಕು.

ತುರ್ತಿಲ್ಲದ ಆಪರೇಶನ್ ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ತಪ್ಪಿಸುವುದು ಇಲ್ಲಿ ಜಾಣತನ. ಒದ್ದೆಯಾದ ಪಟ್ಟಿ ಒಂದು ತೊಂದರೆ. ರಸ್ತೆಯಲ್ಲಿ ನಿಂತ ನೀರು ಗಾಯಕ್ಕೆ ತಾಗುವುದು ಇನ್ನೂ ದೊಡ್ಡದು. 2005ರ ಜುಲೈ 26ರ ಮಹಾಮಳೆಯ ಬಳಿಕ ನಗರದಲ್ಲಿ ಇಲಿಜ್ವರ ಹಬ್ಬಿದ್ದನ್ನು ಹಳಬರು ಮರೆತಿಲ್ಲ. ಆ ರೋಗಾಣು ದೇಹದೊಳಗೆ ಹೋಗುವ ಮುಖ್ಯ ದಾರಿಯೇ ಚರ್ಮದ ಗಾಯ.

ಇನ್ನೊಂದು ಅಪಾಯ ಪ್ರೀತಿಯ ರೂಪದಲ್ಲಿ ಬರುತ್ತದೆ. ಬೆರಳು ವಾರೆಯಿದೆ ಎಂದು ಕಂಡ ಕೂಡಲೇ ಊರಿನಿಂದ ಎಣ್ಣೆ ತರಿಸಿ ತಿಕ್ಕುವುದು, ಎಲುಬು ಕೂರಿಸುವವರ ಬಳಿಗೆ ಕರೆದೊಯ್ದು ಎಳೆಸುವುದು. ಸ್ಕ್ರೂ ಹಾಕಿದ ಎಲುಬನ್ನು ಹೀಗೆ ಎಳೆದರೆ ಸರಿಪಡಿಸಿದ್ದೇ ಕೆಡುತ್ತದೆ. ಗಾಯ ಮಾಗಿದ ಮೇಲೆ ಮಾಲೀಸು ಬೇಕಾದರೆ ಅದನ್ನು ಫಿಸಿಯೋಥೆರಪಿಸ್ಟ್ ಕಲಿಸಿಕೊಡುತ್ತಾರೆ. ಬೀಡಿ, ಸಿಗರೇಟು, ಬಾಯಲ್ಲಿಡುವ ತಂಬಾಕು ಎಲುಬು ಕೂಡುವುದನ್ನು ನಿಧಾನಗೊಳಿಸುತ್ತವೆ. ಸಕ್ಕರೆ ಕಾಯಿಲೆ ಇದ್ದವರು ಮೊದಲೇ ಅದನ್ನು ಹತೋಟಿಗೆ ತಂದುಕೊಳ್ಳಬೇಕು.

ನೌಕರಿಯ ಮಾತೂ ಇದೆ. ಕುಳಿತು ಮಾಡುವ ಕೆಲಸಕ್ಕೆ ಕೆಲವರು ಮೂರ್ನಾಲ್ಕು ವಾರಗಳಲ್ಲೇ ಮರಳಬಹುದಾದರೂ ನಿಂತು ಮಾಡುವ ಕೆಲಸಕ್ಕೆ ಎರಡು-ಮೂರು ತಿಂಗಳು ಬೇಕಾದೀತು. ಸಂಬಳದ ರಜೆ ಇಲ್ಲದ ಹೊಟೇಲ್ ಕಾರ್ಮಿಕನಿಗೆ ಇದು ಬೆರಳಿಗಿಂತ ದೊಡ್ಡ ಚಿಂತೆ. ಎಷ್ಟು ದಿನ, ಯಾವ ಕೆಲಸ ಎಂದು ವೈದ್ಯರಿಂದ ಮೊದಲೇ ಬರೆಸಿಕೊಂಡು ಮಾಲಕರೊಡನೆ ಮಾತಾಡುವುದು ಒಳ್ಳೆಯದು. ಮೆಡಿಕ್ಲೈಮ್ ಇದ್ದವರು ಪಾಲಿಸಿಯಲ್ಲಿ ಕಾಯುವ ಅವಧಿ ಮುಗಿದಿದೆಯೇ ಎಂದು ನೋಡಿಕೊಳ್ಳಲಿ. ಅಂದಕ್ಕಾಗಿ ಮಾಡಿಸುವ ಆಪರೇಶನ್‌ಗೆ ವಿಮೆ ಸಿಗುವುದಿಲ್ಲವಾದ್ದರಿಂದ, ನೋವಿನಿಂದ ನಡೆಯಲಾಗದ ಸ್ಥಿತಿ ಇತ್ತೆಂಬುದು ವೈದ್ಯರ ಚೀಟಿಯಲ್ಲಿ ಸ್ಪಷ್ಟವಾಗಿರಬೇಕು. ಮೊದಲಿನ ಮತ್ತು ನಂತರದ ಎಕ್ಸ್‌ರೇಗಳನ್ನು ಒಂದೇ ಫೈಲಿನಲ್ಲಿ ಜೋಪಾನವಾಗಿಟ್ಟರೆ ಮುಂದೆ ಬೆರಳು ಸರಿದಿದೆಯೇ ಎಂಬ ಪ್ರಶ್ನೆ ಬಂದಾಗ ಹೋಲಿಸಿ ನೋಡಲು ಅನುಕೂಲ.

ಕಾಲುಂಗುರದ ಬಗ್ಗೆ ಮಹಿಳೆಯರು ಕೇಳುವುದುಂಟು. ಆಪರೇಶನ್‌ಗೆ ಮೊದಲು ಅದನ್ನು ತೆಗೆಯಲೇಬೇಕು. ಹಿರಿಯರು ಬೇಸರಿಸಿಕೊಂಡರೂ ಊತ ಪೂರ್ತಿ ಇಳಿಯುವ ತನಕ ಮರಳಿ ತೊಡಿಸಬಾರದು, ಬಾತ ಬೆರಳಿಗೆ ಅದು ಬಿಗಿದುಕೊಂಡರೆ ರಕ್ತಸಂಚಾರಕ್ಕೆ ಅಡ್ಡಿ. ಆಮೇಲೆ ತೊಡುವಾಗಲೂ ದಪ್ಪನೆಯದು ಬೇಡ, ಹೆಬ್ಬೆರಳಿಗೆ ಒತ್ತದ ತೆಳುವಾದ ಉಂಗುರವೇ ಇರಲಿ.