ದುಡಿಯುವ ಹೆಣ್ಣು: ಕಾದಂಬರಿಯಲ್ಲಿ, ಬದುಕಿನಲ್ಲಿ

ಕಲಬುರಗಿ ನಗರದ ನಡುಭಾಗದಲ್ಲಿ ಸೂಪರ್ ಮಾರ್ಕೆಟ್ ಎಂಬ ವ್ಯಾಪಾರಸ್ಥಳವಿದೆ. ಹೆಸರನ್ನು ಕೇಳಿದವರು ಅದೊಂದು ದೊಡ್ಡ ಅಂಗಡಿಯೆಂದು ಭಾವಿಸಬಹುದು. ವಾಸ್ತವದಲ್ಲಿ ಅದು ಒಂದು ಅಂಗಡಿಯಲ್ಲ, ಅಂಗಡಿಗಳ ಬೀಡು. ಜವಳಿ, ಪಾತ್ರೆ, ಪುಸ್ತಕ, ಬಳೆ, ಪಾದರಕ್ಷೆ, ಹೀಗೆ ಸಂಸಾರಕ್ಕೆ ಬೇಕಾದುದೆಲ್ಲವೂ ಅಲ್ಲಿ ದೊರೆಯುತ್ತದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದಿಂದಲೂ ಸುತ್ತಣ ಹಳ್ಳಿಗಳಿಂದಲೂ ಜನರು ಹಬ್ಬದ ಬಟ್ಟೆಗೆ, ಮದುವೆಯ ಜವಳಿಗೆ ನಗರದ ಪೇಟೆಗೆ ಬರುತ್ತಾರೆ. ಇಂತಹ ಯಾವ ಪೇಟೆಗೆ ಹೋದರೂ ಇಂದು ಒಂದು ದೃಶ್ಯ ಸಾಮಾನ್ಯವಾಗಿದೆ. ಹಲಗೆಯ ಈಚೆ ಕೊಳ್ಳುವವರು ಕುಳಿತಿರುತ್ತಾರೆ. ಆಚೆ ಒಬ್ಬ ತರುಣಿ ನಿಂತಿರುತ್ತಾಳೆ. ಅವಳು ಸೀರೆಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸುತ್ತಾಳೆ, ಬೇಡವೆಂದಾಗ ಮತ್ತೆ ಮಡಿಚಿಡುತ್ತಾಳೆ. ಕೊಳ್ಳುವವರಿಗೆ ಸೀರೆಯ ಬಣ್ಣ ನೆನಪಿನಲ್ಲಿ ಉಳಿಯುತ್ತದೆ, ತೋರಿಸಿದವಳ ಮುಖ ಉಳಿಯುವುದಿಲ್ಲ.

ಹೆಣ್ಣು ಮನೆಯ ಹೊಸಿಲನ್ನು ದಾಟಿ ದುಡಿಯಲು ಹೋಗುವುದು ಹೊಸ ಸಂಗತಿಯೇನಲ್ಲ. ಹೊಲದಲ್ಲಿ ಕಳೆ ಕೀಳುವವಳು, ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು, ಗಿರಣಿಯಲ್ಲಿ ನೂಲುವವಳು ಹಿಂದಿನಿಂದಲೂ ಇದ್ದಾರೆ. ಆದರೆ ತಿಂಗಳ ಸಂಬಳಕ್ಕಾಗಿ ದೊಡ್ಡ ಅಂಗಡಿಯಲ್ಲಿ ನಿಲ್ಲುವ ತರುಣಿ ಆಧುನಿಕ ನಗರದ ಸೃಷ್ಟಿ. ಅವಳ ಕೈಗೆ ತನ್ನದೇ ಆದ ಹಣ ಬರುತ್ತದೆ. ಹಾಗಾದರೆ ಅವಳು ಸ್ವತಂತ್ರಳಾದಳೇ? ಸಂಪಾದನೆಯೊಂದರಿಂದಲೇ ಮನುಷ್ಯನಿಗೆ ಸ್ವಾತಂತ್ರ್ಯ ದೊರೆಯುವುದೇ? ಈ ಪ್ರಶ್ನೆಯನ್ನು ಸಮಾಜಶಾಸ್ತ್ರಜ್ಞರಿಗಿಂತ ಮೊದಲೇ ಕಾದಂಬರಿಕಾರರು ಕೈಗೆತ್ತಿಕೊಂಡರು.

ಫ್ರಾನ್ಸ್ ದೇಶದ ಪ್ರಸಿದ್ಧ ಲೇಖಕ ಎಮಿಲ್ ಜೋಲಾ 1883ರಲ್ಲಿ ಇಂತಹ ಒಬ್ಬ ಹುಡುಗಿಯನ್ನೇ ನಾಯಿಕೆಯನ್ನಾಗಿಸಿ ಒಂದು ಕಾದಂಬರಿಯನ್ನು ಪ್ರಕಟಿಸಿದನು. ಅದರ ಹೆಸರು 'ಓ ಬೊನರ್ ದೆ ದಾಮ್'; 'ಹೆಂಗಳೆಯರ ಆನಂದ' ಎಂದು ಅದರ ಅರ್ಥ. ಅದು ಕಥೆಯಲ್ಲಿ ಬರುವ ಅಂಗಡಿಯ ಹೆಸರೂ ಹೌದು. ಆ ಕಾಲದಲ್ಲಿ ಪ್ಯಾರಿಸ್ ನಗರದಲ್ಲಿ ಎಲ್ಲ ಬಗೆಯ ಸರಕುಗಳನ್ನೂ ಒಂದೇ ಸೂರಿನಡಿ, ಗೊತ್ತಾದ ಬೆಲೆಗೆ ಮಾರುವ ಬೃಹತ್ ಅಂಗಡಿಗಳು ತಲೆಯೆತ್ತಿದ್ದವು. ಜೋಲಾ ಅವುಗಳನ್ನು ಖುದ್ದಾಗಿ ನೋಡಿ, ಅಲ್ಲಿನ ನೌಕರರ ಜೀವನವನ್ನು ವಿಚಾರಿಸಿ ತಿಳಿದು ಬರೆದನು.

ಕಥೆಯ ನಾಯಿಕೆ ಡೆನೀಸ್ ಇಪ್ಪತ್ತು ವರ್ಷದ ಅನಾಥೆ. ಇಬ್ಬರು ತಮ್ಮಂದಿರ ಹೊಣೆಯನ್ನು ಹೊತ್ತು ಅವಳು ದೂರದ ಸಣ್ಣ ಊರಿನಿಂದ ಪ್ಯಾರಿಸ್‌ಗೆ ಬರುತ್ತಾಳೆ. ಅವಳ ದೊಡ್ಡಪ್ಪನ ಹಳೆಯ ಜವಳಿ ಅಂಗಡಿ ಎದುರಿನ ಬೃಹತ್ ಅಂಗಡಿಯ ಪೈಪೋಟಿಯಿಂದ ಕುಸಿಯುತ್ತಿರುತ್ತದೆ. ಅಲ್ಲಿ ಅವಳಿಗೆ ಕೆಲಸವಿಲ್ಲ. ವಿಧಿಯಿಲ್ಲದೆ ಎದುರಿನ ಅಂಗಡಿಯನ್ನೇ ಸೇರುತ್ತಾಳೆ. ದಿನವಿಡೀ ನಿಂತೇ ಇರಬೇಕು. ರಾತ್ರಿ ಅಂಗಡಿಯ ಮಾಳಿಗೆಯ ಇಕ್ಕಟ್ಟಾದ ಕೋಣೆಯಲ್ಲಿ ಮಲಗಬೇಕು. ಅವಳ ಮೈಗೆ ಒಗ್ಗದ ಸಮವಸ್ತ್ರವನ್ನೂ ಅಂಕೆಗೆ ಸಿಗದ ಕೂದಲನ್ನೂ ಕಂಡು ಜೊತೆಯ ಕೆಲಸಗಾರ್ತಿಯರೇ ನಗುತ್ತಾರೆ. ಸಂಬಳದ ಬಹುಭಾಗ ತಮ್ಮಂದಿರಿಗೆ ಹೋಗುತ್ತದೆ. ಕಾಣಲು ಬಂದ ತಮ್ಮನನ್ನೇ ಅವಳ ಪ್ರಿಯಕರನೆಂದು ಅಪಾರ್ಥ ಮಾಡಿ ಕೆಲಸದಿಂದ ತೆಗೆದುಹಾಕುತ್ತಾರೆ. ಹಸಿವೆಯ ದಿನಗಳನ್ನು ದಾಟಿ ಅವಳು ಮತ್ತೆ ಅಲ್ಲಿಗೇ ಮರಳುತ್ತಾಳೆ. ತನ್ನ ಶ್ರದ್ಧೆಯಿಂದ ಮೇಲೇರುತ್ತಾಳೆ. ಮೇಲೇರಿದ ಬಳಿಕ ತಾನು ಪಟ್ಟ ಪಾಡನ್ನು ಮರೆಯುವುದಿಲ್ಲ. ವ್ಯಾಪಾರ ಇಳಿದಾಗ ನೌಕರರನ್ನು ಬೀದಿಗೆ ತಳ್ಳುವ ಪದ್ಧತಿ ನಿಲ್ಲಬೇಕು, ಕಾಯಿಲೆ ಬಿದ್ದವರಿಗೆ ನೆರವಿನ ನಿಧಿ ಬೇಕು ಎಂದು ಮಾಲೀಕನನ್ನು ಒಪ್ಪಿಸುತ್ತಾಳೆ.

ಈ ಕಾದಂಬರಿಯಲ್ಲಿ ಜೋಲಾ ಗುರುತಿಸಿದ ಒಂದು ಸೂಕ್ಷ್ಮ ಇಂದಿಗೂ ಮನನೀಯವಾಗಿದೆ. ಅಂಗಡಿಯ ಹುಡುಗಿ ಎರಡು ವರ್ಗಗಳ ನಡುವೆ ಸಿಲುಕಿದವಳು. ಅವಳು ದಿನವೆಲ್ಲ ರೇಷ್ಮೆಯನ್ನು ಮುಟ್ಟುತ್ತಾಳೆ, ಕೊಳ್ಳಲಾರಳು. ಸಿರಿವಂತರೊಡನೆ ಅವರದೇ ನಯದ ಮಾತುಗಳಲ್ಲಿ ವ್ಯವಹರಿಸುತ್ತಾಳೆ. ಆದರೆ ಅವರು ಅವಳನ್ನು ತಮ್ಮವಳೆಂದು ಬಗೆಯುವುದಿಲ್ಲ. ನೀಟಾದ ಉಡುಪಿನಲ್ಲಿರುವ ಅವಳನ್ನು ಕೂಲಿಕಾರರೂ ತಮ್ಮವಳೆಂದು ಒಪ್ಪುವುದಿಲ್ಲ. ನಾಲ್ಕು ಜನರ ಕಣ್ಣೆದುರು ನಿಂತು ದುಡಿಯುವವಳಾದುದರಿಂದ ಅವಳ ನಡತೆಯನ್ನು ಶಂಕಿಸುವುದು ಎಲ್ಲರಿಗೂ ಸುಲಭ. ಬಡತನದ ಭಾರ ಒಂದಾದರೆ, ಬಡವಳೆಂಬ ಕಾರಣಕ್ಕೆ ಹೊರಬೇಕಾದ ಸಂಶಯದ ಭಾರ ಇನ್ನೊಂದು. ಸಂಬಳದಿಂದ ಮೊದಲನೆಯದು ತಗ್ಗಬಹುದು. ಎರಡನೆಯದು ತಗ್ಗಬೇಕಾದರೆ ನೋಡುವವರ ಕಣ್ಣು ಬದಲಾಗಬೇಕು.

ಕನ್ನಡ ಕಾದಂಬರಿಯೂ ಹೆಣ್ಣಿನ ಬಿಡುಗಡೆಯ ಪ್ರಶ್ನೆಯಿಂದಲೇ ತನ್ನ ಸಾಮಾಜಿಕ ಪಯಣವನ್ನು ಆರಂಭಿಸಿತು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಪ್ರಕಟವಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಆ ಕೃತಿಯಲ್ಲಿ ಬಾಲವಿಧವೆಯೊಬ್ಬಳು ಓದು ಕಲಿತು ಹೊಸ ಬಾಳನ್ನು ಕಟ್ಟಿಕೊಳ್ಳುತ್ತಾಳೆ. ಮುಂದೆ ತಿರುಮಲಾಂಬ, ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಮೊದಲಾದ ಲೇಖಕಿಯರು ಹೆಣ್ಣಿನ ಅಂತರಂಗವನ್ನು ತೆರೆದಿಟ್ಟರು. ಆದರೂ ಒಂದು ಕೊರತೆ ಬಹುಕಾಲ ಉಳಿದಿತ್ತು. ಕಾದಂಬರಿಗಳ ನಾಯಿಕೆಯರಲ್ಲಿ ಹೆಚ್ಚಿನವರು ಉಣ್ಣಲು ಉಡಲು ಕೊರತೆಯಿಲ್ಲದ ಮನೆಗಳವರು. ದುಡಿದರೆ ಮಾತ್ರ ಒಲೆ ಉರಿಯುವ ಮನೆಯ ಹುಡುಗಿ ಕಥೆಯ ಅಂಚಿನಲ್ಲಿ ಬಂದು ಹೋಗುತ್ತಿದ್ದಳೇ ಹೊರತು ನಡುವೆ ನಿಲ್ಲುತ್ತಿದ್ದುದು ಅಪರೂಪ.

ಅವಳನ್ನು ನಡುವೆ ನಿಲ್ಲಿಸಿದವರಲ್ಲಿ ಪ್ರಮುಖರು ಕಲಬುರಗಿಯ ಗೀತಾ ನಾಗಭೂಷಣ. ಅವರು 1942ರ ಮಾರ್ಚ್ 25ರಂದು ಕಲಬುರಗಿ ಸಮೀಪದ ಸಾವಳಗಿಯಲ್ಲಿ ಜನಿಸಿದರು. ಹಿಂದುಳಿದ ಸಮುದಾಯದ ಬಡ ಕುಟುಂಬ. ತಂದೆ ಕಲಬುರಗಿಯ ಎಂ.ಎಸ್.ಕೆ. ಬಟ್ಟೆ ಗಿರಣಿಯಲ್ಲಿ ಕಾರ್ಮಿಕರು. ಒಂದು ಕಾಲಕ್ಕೆ ಸಾವಿರಾರು ಮನೆಗಳಿಗೆ ಅನ್ನವಿಕ್ಕಿದ ಆ ಗಿರಣಿ ಈಗ ಮುಚ್ಚಿದೆ. ಆ ದಿನಗಳಲ್ಲಿ ಕಲಬುರಗಿ ಹೈದರಾಬಾದು ನಿಜಾಮನ ಆಳ್ವಿಕೆಗೆ ಸೇರಿತ್ತು. ಶಾಲೆಗಳು ವಿರಳವಾಗಿದ್ದವು, ಆಡಳಿತದ ಭಾಷೆ ಉರ್ದುವಾಗಿದ್ದು ಕನ್ನಡಕ್ಕೆ ಆಶ್ರಯ ಕಡಿಮೆಯಿತ್ತು. 1948ರಲ್ಲಿ ಹೈದರಾಬಾದು ಸಂಸ್ಥಾನ ಭಾರತದಲ್ಲಿ ವಿಲೀನವಾಯಿತು. 1956ರಲ್ಲಿ ಕಲಬುರಗಿ ಇತರ ಕನ್ನಡ ಪ್ರದೇಶಗಳೊಡನೆ ಒಂದಾಯಿತು. ಇಂತಹ ಸಂಧಿಕಾಲದಲ್ಲಿ ಗಿರಣಿ ಕಾರ್ಮಿಕರೊಬ್ಬರ ಮಗಳು ಶಾಲೆಯ ಮೆಟ್ಟಿಲು ಹತ್ತುವುದೇ ಒಂದು ಸಾಹಸವಾಗಿತ್ತು.

ಗೀತಾ ಅವರು ಆ ಸಾಹಸವನ್ನು ಕೈಬಿಡಲಿಲ್ಲ. ಸರ್ಕಾರಿ ಕಚೇರಿಯಲ್ಲಿ ನೌಕರಿ ಹಿಡಿದು ದುಡಿಯುತ್ತಲೇ ಓದನ್ನು ಮುಂದುವರಿಸಿದರು. ಪದವಿಗಳನ್ನು ಪಡೆದು ಶಿಕ್ಷಕಿಯಾದರು. ಅವರ ಪಾಲಿಗೆ ಸಂಬಳ ಗುರಿಯಾಗಿರಲಿಲ್ಲ, ಓದಿಗೆ ದಾರಿಯಾಗಿತ್ತು. ಓದು ಬರಹಕ್ಕೆ ದಾರಿಯಾಯಿತು. 1968ರಲ್ಲಿ ಅವರ ಮೊದಲ ಕಾದಂಬರಿ 'ತಾವರೆಯ ಹೂವು' ಹೊರಬಂದಿತು. ಅನಂತರ ಅವರು ಇಪ್ಪತ್ತಕ್ಕೂ ಹೆಚ್ಚು ಕಾದಂಬರಿಗಳನ್ನು, ಅನೇಕ ಸಣ್ಣಕಥೆಗಳನ್ನು, ನಾಟಕಗಳನ್ನು ರಚಿಸಿದರು. 'ಹಸಿಮಾಂಸ ಮತ್ತು ಹದ್ದುಗಳು' ಎಂಬ ಕಾದಂಬರಿಯ ಹೆಸರೇ ಬಡ ಹೆಣ್ಣಿನ ಅಸಹಾಯಕತೆಯನ್ನೂ ಅವಳ ಸುತ್ತ ಸುಳಿಯುವ ಬಲಶಾಲಿಗಳ ಕ್ರೌರ್ಯವನ್ನೂ ಸೂಚಿಸುತ್ತದೆ. ಅದನ್ನು ಆಧರಿಸಿ 'ಹೆಣ್ಣಿನ ಕೂಗು' ಎಂಬ ಚಲನಚಿತ್ರ ಬಂದಿತು.

ಅವರ ಕೃತಿಗಳಲ್ಲಿ ಅತ್ಯಂತ ಹೆಸರು ಗಳಿಸಿದುದು 'ಬದುಕು'. ಕಲಬುರಗಿ ಸೀಮೆಯ ಕೆಳವರ್ಗದ ಜನರ ಜೀವನವನ್ನು, ಅವರ ಜಾತ್ರೆ, ಹರಕೆ, ಜಗಳ, ಪ್ರೀತಿಗಳನ್ನು, ಮೂಢನಂಬಿಕೆಗೆ ಬಲಿಯಾಗುವ ಹೆಣ್ಣುಮಕ್ಕಳ ಸಂಕಟವನ್ನು ಈ ಬೃಹತ್ ಕೃತಿ ಚಿತ್ರಿಸುತ್ತದೆ. ಅದರ ಭಾಷೆಯೇ ಒಂದು ಹೇಳಿಕೆಯಾಗಿದೆ. ಅನಕ್ಷರಸ್ಥರ ಒರಟು ಮಾತೆಂದು ಹಲವರು ಹಗುರವಾಗಿ ಕಂಡಿದ್ದ ಕಲಬುರಗಿಯ ಆಡುನುಡಿಯನ್ನು ಲೇಖಕಿ ಸಾಹಿತ್ಯದ ಭಾಷೆಯಾಗಿ ಬಳಸಿದರು. ಮನುಷ್ಯರನ್ನು ಕೀಳೆಂದು ಕಾಣುವವರು ಅವರ ಮಾತನ್ನೂ ಕೀಳೆಂದೇ ಕಾಣುತ್ತಾರೆ. ಮಾತಿಗೆ ಮನ್ನಣೆ ದೊರೆತಾಗ ಆಡುವವರಿಗೂ ಮನ್ನಣೆ ದೊರೆಯುತ್ತದೆ. 'ಬದುಕು' ಕೃತಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಕನ್ನಡಕ್ಕೆ ಈ ಪ್ರಶಸ್ತಿ 1955ರಿಂದಲೇ ಬರುತ್ತಿದ್ದರೂ ಲೇಖಕಿಯೊಬ್ಬರಿಗೆ ಅದು ದೊರೆತುದು ಅದೇ ಮೊದಲು. 2010ರಲ್ಲಿ ಗದಗಿನಲ್ಲಿ ನಡೆದ 76ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಗಿರಣಿ ಕಾರ್ಮಿಕರ ಮಗಳು ಕುಳಿತರು. 2020ರ ಜೂನ್ 28ರಂದು ಅವರು ಕಲಬುರಗಿಯಲ್ಲಿ ನಿಧನರಾದರು.

ಜೋಲಾನ ನಾಯಿಕೆಗೂ ಗೀತಾ ನಾಗಭೂಷಣ ಅವರ ಬಾಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಡೆನೀಸಳ ಕಥೆ ಅಂಗಡಿಯ ಮಾಲೀಕನೊಡನೆ ಅವಳ ಮದುವೆ ನಿಶ್ಚಯವಾಗುವುದರೊಂದಿಗೆ ಮುಗಿಯುತ್ತದೆ. ಅವಳ ಗುಣ ಗೆದ್ದಿತೆಂಬುದು ನಿಜ. ಆದರೆ ಆ ಗೆಲವಿಗೆ ಸಿರಿವಂತನೊಬ್ಬನ ಮೆಚ್ಚುಗೆ ಬೇಕಾಯಿತು. ಮಾಲೀಕನು ಮೆಚ್ಚದೆ ಹೋಗಿದ್ದರೆ ಅವಳು ಏನಾಗುತ್ತಿದ್ದಳು? ಗೀತಾ ಅವರ ಬಾಳು ಈ ಪ್ರಶ್ನೆಗೆ ಇನ್ನೊಂದು ಉತ್ತರವನ್ನು ನೀಡುತ್ತದೆ. ಅಲ್ಲಿ ಬಿಡುಗಡೆಯ ದಾರಿ ವಿದ್ಯೆ ಮತ್ತು ಲೇಖನಿ. ಇತರರು ಬರೆಯುವ ಕಥೆಯ ಪಾತ್ರವಾಗಿ ಉಳಿಯದೆ, ತನ್ನವರ ಕಥೆಯನ್ನು ತಾನೇ ಬರೆಯುವ ಶಕ್ತಿಯನ್ನು ದುಡಿಯುವ ವರ್ಗದ ಹೆಣ್ಣು ಗಳಿಸಿಕೊಂಡಳು.

ಆದರೆ ಎಲ್ಲರೂ ಲೇಖಕಿಯರಾಗಲಾರರು. ಅಂಗಡಿಯಲ್ಲಿ ನಿಂತು ದುಡಿಯುವ ಅಸಂಖ್ಯ ತರುಣಿಯರಿಗೆ ಕಾನೂನಿನ ರಕ್ಷಣೆಯೂ ಅಗತ್ಯ. 'ಇಂದಿರಾಬಾಯಿ' ಪ್ರಕಟವಾದ 1899ರಲ್ಲಿಯೇ ಬ್ರಿಟನ್ ದೇಶದಲ್ಲಿ ಒಂದು ಕಾಯ್ದೆಯಾಯಿತು. ಅಂಗಡಿಗಳಲ್ಲಿ ಪ್ರತಿ ಮೂವರು ಮಹಿಳಾ ನೌಕರರಿಗೆ ಒಂದರಂತೆ ಆಸನವಿರಬೇಕೆಂದು ಅದು ವಿಧಿಸಿತು. ಆಸನದಂತಹ ಸಣ್ಣ ಸೌಕರ್ಯಕ್ಕೂ ಸಂಸತ್ತು ಕಾಯ್ದೆ ಮಾಡಬೇಕಾಯಿತೆಂದರೆ ದುಡಿಯುವವರ ಸ್ಥಿತಿ ಎಂತಹದಿದ್ದಿತೆಂದು ಊಹಿಸಬಹುದು. ಕರ್ನಾಟಕದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನೂ ನಡುವೆ ವಿರಾಮವನ್ನೂ ವಾರದ ರಜೆಯನ್ನೂ ಗೊತ್ತುಪಡಿಸಿತು.

ನೆರೆಯ ಕೇರಳದ ಕೋಳಿಕ್ಕೋಡು ನಗರದಲ್ಲಿ ಅಂಗಡಿ ನೌಕರಿಯ ಮಹಿಳೆಯರು ಒಂದು ಹೋರಾಟವನ್ನೇ ಹೂಡಿದರು. ಕೊಳ್ಳುವವರು ಇಲ್ಲದಾಗಲೂ ಕುಳಿತುಕೊಳ್ಳುವಂತಿರಲಿಲ್ಲ. ಶೌಚಾಲಯದ ಅನುಕೂಲವೂ ಇರಲಿಲ್ಲ. ಪಿ. ವಿಜಿ ಎಂಬ ದರ್ಜಿ ಮಹಿಳೆಯ ಮುಂದಾಳುತನದಲ್ಲಿ 'ಪೆಣ್‌ಕೂಟ್ಟು' ಎಂಬ ಸಂಘಟನೆ ಈ ಬೇಡಿಕೆಗಳನ್ನು ವರ್ಷಗಟ್ಟಲೆ ಮುಂದಿಟ್ಟಿತು. ಅದರ ಫಲವಾಗಿ 2018ರಲ್ಲಿ ಕೇರಳ ಸರ್ಕಾರ ತನ್ನ ಕಾಯ್ದೆಗೆ ತಿದ್ದುಪಡಿ ತಂದು ಅಂಗಡಿ ನೌಕರರಿಗೆ ಕುಳಿತುಕೊಳ್ಳುವ ಹಕ್ಕನ್ನು ನೀಡಿತು. 2021ರಲ್ಲಿ ತಮಿಳುನಾಡು ಅದೇ ಹಾದಿಯನ್ನು ಹಿಡಿಯಿತು. ಬ್ರಿಟನ್ನಿನ ಕಾಯ್ದೆಗೂ ಕೇರಳದ ತಿದ್ದುಪಡಿಗೂ ನಡುವಣ ಅಂತರ 119 ವರ್ಷ!

ಕುಳಿತುಕೊಳ್ಳುವ ಹಕ್ಕು ಮೇಲುನೋಟಕ್ಕೆ ಅಲ್ಪವೆನಿಸಬಹುದು. ಕಾಲು ನೋವಿನ ಪರಿಹಾರ ಅದರ ಒಂದು ಮುಖ ಮಾತ್ರ. ಕೊಳ್ಳುವವರು ಕುಳಿತಿರಬೇಕು, ಮಾರುವವಳು ನಿಂತಿರಬೇಕು ಎಂಬ ನಿಯಮದ ಹಿಂದೆ ಮೇಲು ಕೀಳೆಂಬ ಹಳೆಯ ಭಾವನೆ ಅಡಗಿದೆ. ಉಳ್ಳವರ ಎದುರು ಇಲ್ಲದವರು ಕುಳಿತುಕೊಳ್ಳಬಾರದೆಂಬ ಊರಗೌಡಿಕೆಯ ಕಾಲದ ಕಟ್ಟಳೆಯೇ ವೇಷ ಬದಲಿಸಿ ಗಾಜಿನ ಅಂಗಡಿಯೊಳಗೆ ಬಂದಿದೆ. ಆದುದರಿಂದ ಆ ಆಸನ ಮರದ ತುಂಡಲ್ಲ, ಮನುಷ್ಯ ಘನತೆಯ ಗುರುತು.

ಸ್ವಾತಂತ್ರ್ಯವೆಂಬುದು ಒಂದೇ ಕಂಬದ ಮೇಲೆ ನಿಲ್ಲುವ ಮಂಟಪವಲ್ಲ. ಸಂಪಾದನೆ ಒಂದು ಕಂಬ, ವಿದ್ಯೆ ಇನ್ನೊಂದು, ಕಾನೂನು ಮತ್ತೊಂದು. ನಾಲ್ಕನೆಯದು ಸಮಾಜದ ಗೌರವ. ಮೊದಲ ಮೂರನ್ನು ದುಡಿಯುವವರು ಕಷ್ಟಪಟ್ಟು ಗಳಿಸಿಕೊಳ್ಳಬಲ್ಲರು, ಹೋರಾಡಿ ಪಡೆಯಬಲ್ಲರು. ನಾಲ್ಕನೆಯದನ್ನು ಇತರರು ಕೊಡಬೇಕು. ಅದನ್ನು ಕೊಡಲು ಹಣ ಬೇಕಿಲ್ಲ, ಅಧಿಕಾರ ಬೇಕಿಲ್ಲ. ಸೀರೆಯನ್ನು ನೋಡುವ ಕಣ್ಣು ಅದನ್ನು ಬಿಚ್ಚಿ ತೋರಿಸುವವಳ ಮುಖವನ್ನೂ ಒಮ್ಮೆ ನೋಡಿದರೆ ಸಾಕು. ಒಳ್ಳೆಯ ಕಾದಂಬರಿ ಕಲಿಸುವುದು ಈ ನೋಟವನ್ನೇ.